ಅರ್ಧ ತುಂಬಿದ ಟ್ಯಾಂಕು

ಇಬ್ಬನಿ ಆರಲಿ, ಟಿಲೆನ್.
ಅಲ್ಲಿಯವರೆಗೆ ಕೀಲಿ ನನ್ನ ಜೇಬಿನಲ್ಲೇ ಇರಲಿ.
ಒದ್ದೆ ಹುಲ್ಲಿನ ಮೇಲೆ ನಾಲ್ಕು ಟನ್ನಿನ ಗಾಡಿಗೂ
ಸೋಪಿನ ಮೇಲಿಟ್ಟ ಕಾಲಿಗೂ ವ್ಯತ್ಯಾಸವಿಲ್ಲ.
ಕೂತುಕೋ. ಕಾಫಿ ಕುಡಿ.
ಇದ್ರಿತ್ಸಾ ಹೊಳೆಯ ಮೇಲೆ ಮಂಜು ಇನ್ನೂ ಮಲಗಿದೆ,
ಚರ್ಚಿನ ಗೋಪುರ ಮಾತ್ರ ಎದ್ದಿದೆ.

ಈ ಇಳಿಜಾರು ನನ್ನ ಗಂಡನ ಅಪ್ಪ ಕೊಂಡದ್ದು.
ಅಗ್ಗಕ್ಕೆ ಸಿಕ್ಕಿತಂತೆ.
ಯಾಕೆ ಅಗ್ಗ ಅಂತ ಯಾರೂ ಕೇಳಲಿಲ್ಲ.

ನೋಡು, ಈ ಡಬ್ಬಿಯೊಳಗಿನ ಮುಳ್ಳು
ಹದಿನೆಂಟು ಡಿಗ್ರಿ ಅನ್ನುತ್ತದೆ, ಹಸಿರಿನಲ್ಲೇ ಇದ್ದೀಯ ಅನ್ನುತ್ತದೆ.
ಅದು ಸುಳ್ಳು ಹೇಳುವುದಿಲ್ಲ. ಅದಕ್ಕೆ ಗೊತ್ತಿರುವುದೇ ಅಷ್ಟು.
ನಿನ್ನೆ ರಾತ್ರಿ ಮೇಲಿನ ಗಾಲಿಯ ದಾರಿಯಲ್ಲಿ
ಕುರುಡು ಇಲಿಯೊಂದು ಬೊಗಸೆ ಮಣ್ಣು ಗುಡ್ಡೆ ಹಾಕಿದ್ದು
ಮುಳ್ಳಿಗೆ ಗೊತ್ತಿಲ್ಲ.

ಸೊಂಟಕ್ಕೆ ಗೊತ್ತಾಗುತ್ತದೆ. ಮೊದಲು ಸೊಂಟಕ್ಕೆ,
ಆಮೇಲೆ ಹೊಟ್ಟೆಗೆ, ಕಣ್ಣಿಗೆ ಎಲ್ಲಕ್ಕಿಂತ ಕೊನೆಗೆ.
ಸ್ಟಿಯರಿಂಗ್ ಹಗುರಾಯಿತು ಅಂತ ಖುಷಿಪಡಬೇಡ,
ಗಾಲಿ ನೆಲದ ಮಾತು ಕೇಳುವುದನ್ನು ಬಿಟ್ಟಿದೆ ಎಂದರ್ಥ.
ಜಾರಿತೋ, ಕೆಳಕ್ಕೆ ತಿರುಗಿಸು, ಮೂತಿ ಕಣಿವೆಯ ಕಡೆಗೆ.
ಹೆದರಿದವರ ಕೈ ಮೇಲಕ್ಕೆ ತಿರುಗಿಸುತ್ತದೆ;
ಆಗ ಬೆಟ್ಟ ತಾಯಿಯ ಹಾಗೆ ಕಾಣುತ್ತದೆ,
ಓಡಿ ಅವಳ ಮಡಿಲು ಸೇರಬೇಕು ಅನ್ನಿಸುತ್ತದೆ.
ಅಲ್ಲ. ಕೆಳಕ್ಕೆ.
ಕ್ಲಚ್ ಮುಟ್ಟಬೇಡ. ಇಳಿಯುವಾಗ ಇಂಜಿನ್ನೇ ನಿನ್ನ ಹಗ್ಗ.

ತುಂಬಿದ ಕೊಡ ತುಳುಕುವುದಿಲ್ಲ,
ಹಿರಿಯರು ಅಂದದ್ದು ಮನುಷ್ಯರಿಗೆ.
ನಾನು ಹೇಳುತ್ತಿರುವುದು ಸಗಣಿನೀರಿನ ಟ್ಯಾಂಕಿಗೆ.
ತುಂಬಿದ್ದರೆ ಭಾರ, ಬರೀ ಭಾರ.
ಖಾಲಿಯಿದ್ದರೆ ಸದ್ದು.
ಅರ್ಧವಿದ್ದರೆ ಒಳಗೊಂದು ಸಣ್ಣ ಸಮುದ್ರ:
ನೀನು ತಿರುಗಿ ಒಂದು ಉಸಿರು ಕಳೆದ ಮೇಲೆ ಅದು ತಿರುಗುತ್ತದೆ,
ನೀನು ನಿಂತ ಮೇಲೂ ಹೋಗುತ್ತಲೇ ಇರುತ್ತದೆ.
ನಿನ್ನ ಮತೆವ್ಷ್ ಮಾವನೂ ಹಾಗೇ ಇದ್ದ.
ಜಗಳ ಮುಗಿದು ಅರ್ಧ ಗಂಟೆಯಾದ ಮೇಲೆ
ಅವನ ಸಿಟ್ಟು ಬಂದು ಗೋಡೆಗೆ ಬಡಿಯುತ್ತಿತ್ತು.

ಅವನ ವಿಷಯ ಕೇಳಬೇಕೆಂದಿದ್ದೀಯ, ಗೊತ್ತು.

ಅಲ್ಲೊಂದು ಪ್ಲಮ್ ಮರವಿತ್ತು, ದಾರಿಗೆ ಬಾಗಿತ್ತು.
ನಿನ್ನ ತಲೆಯ ಹಿಂದಿದೆಯಲ್ಲ, ಈ ಕಬ್ಬಿಣದ ಕಮಾನು, ಕೊಂಬೆಗೆ ತಾಗುತ್ತಿತ್ತು.
ಎರಡು ಪಿನ್ನು ಕಿತ್ತು, ಮಡಚಿ, ದಾಟಿದ.
ಆಚೆಗೆ ಹೋಗಿ ಮತ್ತೆ ಎತ್ತಬೇಕು. ಎರಡು ನಿಮಿಷದ ಕೆಲಸ.
ಪಡುವಣ ಕಪ್ಪಾಗಿತ್ತು, ಒಣಹುಲ್ಲು ಹಾಗೇ ಬಿದ್ದಿತ್ತು,
ಎರಡು ನಿಮಿಷ ಅವತ್ತು ಬಹಳ ದೊಡ್ಡದಿತ್ತು.
ಹೊರಳಿದ್ದು ಒಂದೇ ಸಲ. ಮೆಲ್ಲಗೆ,
ಹಸು ಮಗ್ಗುಲು ಬದಲಿಸಿದ ಹಾಗೆ.
ಪಿನ್ನುಗಳು ಅವನ ಅಂಗಿಯ ಜೇಬಿನಲ್ಲಿದ್ದವು.
ಆಸ್ಪತ್ರೆಯವರು ವಾಚಿನ ಜತೆ ಲಕೋಟೆಯಲ್ಲಿ ಹಾಕಿ ಕೊಟ್ಟರು.

ಮಾರನೆಯ ವಾರ ಮರ ಕಡಿಸಿದೆ.
ಮರದ ತಪ್ಪೇನಿರಲಿಲ್ಲ.
ಚಳಿಗಾಲದಲ್ಲಿ ಚೆನ್ನಾಗಿ ಉರಿಯಿತು.

ಇವು ಆ ಪಿನ್ನುಗಳೇ. ಅಲ್ಲಾಡಿಸಿ ನೋಡು.
ಕಮಾನು ನಿಂತಿದ್ದರೆ ಬೆಲ್ಟು ಕಟ್ಟು.
ಹೊರಳಿದರೂ ಹಾರಬೇಡ,
ಸ್ಟಿಯರಿಂಗ್ ಅಪ್ಪಿ ಹಿಡಿದು ಕಮಾನಿನೊಳಗೇ ಉಳಿ.
ಹಾರುವ ಆಸೆ ಬರುತ್ತದೆ, ಹದಿನೇಳರ ಕಾಲಲ್ಲವೇ.
ನೀನು ಹಾರಿದ ಕಡೆಗೇ ಅದೂ ಬರುತ್ತದೆ,
ನಿನಗಿಂತ ಬೇಗ.

ಇನ್ನೊಂದು. ಬೀಚ್ ಮರಗಳ ಅಂಚಿಗೆ
ಹುಲ್ಲು ಎದೆಯುದ್ದ ನಿಂತಿದೆಯಲ್ಲ, ಆ ಪಟ್ಟಿ ಕೊಯ್ಯುವುದಿಲ್ಲ.
ಯಂತ್ರ ಹೋಗುತ್ತದೆ ಅಲ್ಲಿಗೆ.
ಹತ್ತರಲ್ಲಿ ಒಂಬತ್ತು ಸಲ ಹೋಗಿ ವಾಪಸ್ಸೂ ಬರುತ್ತದೆ.
ಎದುರು ಗುಡ್ಡದ ಝೋರ್ಕೊ ಪ್ರತಿ ಜೂನಿನಲ್ಲಿ ಕೂಗುತ್ತಾನೆ,
“ರೊಜಾಲಿಯಾ, ಗಡ್ಡ ಬೋಳಿಸಿ ಒಂದು ಕೆನ್ನೆ ಬಿಟ್ಟಿದ್ದೀಯಲ್ಲೇ!”
ಕೂಗಲಿ. ಎರಡು ಹಸುವಿಗೆ ಒಂದು ವಾರದ ಮೇವು ಅದು.
ಲೆಕ್ಕ ಹಾಕಿದ್ದೇನೆ.
ಪ್ರತಿ ವರ್ಷವೂ ಹಾಕುತ್ತೇನೆ.

ಬಿಸಿಲು ಬಂತು. ಹೋಗಿ ಹುಲ್ಲು ಮುಟ್ಟಿ ಬಾ,
ಅಂಗೈಯಿಂದಲ್ಲ, ಕೈಯ ಹಿಂಬದಿಯಿಂದ.
ಇನ್ನೂ ತಣ್ಣಗಿದೆಯಾ?

ಹಾಗಾದರೆ ಇನ್ನೊಂದು ಲೋಟ ಕಾಫಿ.