ಬಟ್ಟಲು ಮುಳುಗುವಷ್ಟು ಹೊತ್ತು

ತಾಮ್ರದ ಬಟ್ಟಲು, ತಳದಲ್ಲಿ ಸೂಜಿಮೊನೆಯಷ್ಟು ತೂತು.
ಹಂಡೆಯ ನೀರಮೇಲೆ ತೇಲಿಬಿಟ್ಟರೆ
ಮೆಲ್ಲಗೆ ತುಂಬಿ, ಅಂಚು ಒದ್ದೆಯಾಗಿ
ಟಣ್ ಎಂದು ತಳ ಸೇರುವ ತನಕ
ನೀರು ನಿನ್ನದು.
ಆಮೇಲೆ ಪಕ್ಕದವನದು.

ನಮ್ಮ ಕಡೆ ಗಳಿಗೆಬಟ್ಟಲನ್ನು ಲಗ್ನಕ್ಕೆ ಇಡುತ್ತಿದ್ದರು.
ಖೊರಾಸಾನಿನ ಮರಳಂಚಿನ ಸಂಗಾಬಿನಲ್ಲಿ
ಬಾಯಾರಿಕೆಗೆ ಇಟ್ಟರು.
ಗುಲಂದಾಮಳ ಅಪ್ಪ ನೌರೂಜ್ ಅಲಿ
ಹಂಡೆಯ ಮುಂದೆ ನಲವತ್ತು ವರ್ಷ ಕೂತು
ಮುಳುಗಿದ್ದಕ್ಕೊಂದು ಕಲ್ಲು ಎತ್ತಿಟ್ಟ.
ಕಣ್ಣು ಮಂಜಾದ ಮೇಲೆ ಕಿವಿಯಲ್ಲೇ ಎಣಿಸಿದ.
ಅವನೆದುರು ಯಾರೂ ಕೆಮ್ಮುತ್ತಿರಲಿಲ್ಲ.

ಬೆಟ್ಟದ ಬುಡದ ತಾಯಿಬಾವಿಯಿಂದ
ನೆಲದಡಿ ಬಗ್ಗಿ ನಡೆದು ಬರುವ ಕಾರೇಜಿನ ನೀರು.
ಅದನ್ನು ಅಳೆದದ್ದು ಕೊಡದಲ್ಲಲ್ಲ, ಹೊತ್ತಿನಲ್ಲಿ.
ಮದುವಣಗಿತ್ತಿಗೆ ಎರಡು ಬಟ್ಟಲು ಬರೆದುಕೊಡುತ್ತಿದ್ದರು;
ಸತ್ತವನ ಒಂದೂವರೆ ಬಟ್ಟಲಿಗಾಗಿ
ಅಣ್ಣತಮ್ಮಂದಿರು ಮಾತು ಬಿಟ್ಟದ್ದುಂಟು.
ಮತ್ತೆ, ಯಾರ ಹೆಸರಿಗೂ ಇಲ್ಲದ ಅರ್ಧ ಬಟ್ಟಲು,
ಯಾವ ಕಾಲದ ಯಾವ ಮುದುಕಿ ಬಿಟ್ಟುಹೋದದ್ದೋ,
ದಾರಿನಾಯಿಗೆ, ಗುಬ್ಬಿಗೆ, ಒಡೆಯನಿಲ್ಲದ ಕತ್ತೆಗೆ.
ಅದಕ್ಕೊಂದು ಒಡೆದ ಕಲ್ಲು.
ಅದನ್ನು ಕದ್ದವನೊಬ್ಬನ ಹೆಸರು
ಈಗಲೂ ಊರಲ್ಲಿ ಬೈಗುಳ.

ಮೋಸ ಶುರುವಾದದ್ದು ಬಟ್ಟಲಿನಲ್ಲಲ್ಲ.
ಅದು ಅಷ್ಟೇ ಹೊತ್ತಿಗೆ ಮುಳುಗುತ್ತಿತ್ತು,
ಕಲ್ಲುಗಳ ಲೆಕ್ಕ ಸರಿಯಿತ್ತು.
ಕಾಲುವೆಯಲ್ಲಿ ಮಾತ್ರ
ಮೊಣಕಾಲಿನ ನೀರು ಹಿಮ್ಮಡಿಗಿಳಿಯಿತು,
ಹಿಮ್ಮಡಿಯದು ಬರೀ ಹಸಿಯಾಯಿತು.
ಹೊತ್ತು ತುಂಬಿತು, ಹೊಲ ತುಂಬಲಿಲ್ಲ.

ಮೇಲಿನ ಬಯಲಲ್ಲಿ ಅವಳ ಒಡಹುಟ್ಟಿದ ತಮ್ಮ ಇಸ್ಫಂದಿಯಾರ್
ಪಿಸ್ತಾ ತೋಟಕ್ಕೆ ಇನ್ನೂರು ಮೀಟರ್ ಪೈಪು ಇಳಿಸಿದ್ದ.
"ನನ್ನ ನೆಲ, ನನ್ನ ಬಾವಿ" ಅಂದ.
ಸುಳ್ಳೇನಲ್ಲ.
ಅವನಂಥ ಹದಿನಾಲ್ಕು ಮಂದಿ
ಒಂದೂ ಸುಳ್ಳು ಹೇಳದೆ
ಊರಿನ ಕಾಲಡಿಯ ನೀರನ್ನು ಹೀರಿದರು.

ಶಾಲೆಯಲ್ಲಿ ಮಹ್ಲಖಾ ಟೀಚರು
ಬೋರ್ಡಿನ ಮೇಲೆ ನೂರು ಬಟ್ಟಲು ಬರೆದರು: ಭೂಮಿಯ ನೀರಷ್ಟೂ.
ತೊಂಬತ್ತೇಳನ್ನು ಅಳಿಸಿದರು, ಉಪ್ಪು.
ಉಳಿದ ಮೂರರಲ್ಲಿ ಎರಡು
ಭೂಮಿಯ ನೆತ್ತಿ-ಪಾದಗಳಲ್ಲಿ ಹೆಪ್ಪುಗಟ್ಟಿ ಕೂತಿವೆ ಎಂದರು.
ಒಂದು ಉಳಿಯಿತು, ಅದೂ ಬಹುಪಾಲು ಮಣ್ಣೊಳಗೆ.
ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ಕೇಳಿದ:
ಈಗ ಸರದಿ ಯಾರದು?
ಮನೆಗೆ ಬಂದು ಅಜ್ಜಿಯನ್ನೂ ಕೇಳಿದ.
ಅವನಜ್ಜಿ, ಗುಲಂದಾಮ್.

ಆ ಸಂಜೆ ಹಂಡೆ, ಬಟ್ಟಲು, ಕಲ್ಲಿನ ಚೀಲವನ್ನು
ಕತ್ತೆಯ ಮೇಲೆ ಹೇರಿ ತಮ್ಮನ ಪಂಪ್‌ಮನೆಗೆ ಹೋದಳು.
ಬೈಯಲಿಲ್ಲ. ಹಂಡೆ ಇಳಿಸಿ, ತುಂಬಿಸಿ,
ಬಟ್ಟಲು ತೇಲಿಬಿಟ್ಟು ಕೂತಳು.
ಮುಳುಗಿತು. ಒಂದು ಕಲ್ಲು.
ಮುಳುಗಿತು. ಇನ್ನೊಂದು.
ಮೋಟರಿನ ಅಬ್ಬರದಲ್ಲಿ ಆ ಟಣ್ ಕೇಳಿಸದು,
ಕೇಳಿಸಬೇಕಾದರೆ ನಿಲ್ಲಿಸಬೇಕು.

ಒಂಬತ್ತು ಸಂಜೆ ಹೋದಳು.
ಹತ್ತನೆಯದಕ್ಕೆ ಸದ್ದು ನಿಂತಿತ್ತು.
ತಮ್ಮ ನೆಲ ನೋಡುತ್ತ ಕೇಳಿದ:
"ಅಪ್ಪನ ಲೆಕ್ಕದಲ್ಲಿ ನಂದೆಷ್ಟು, ಅಕ್ಕಾ?"

ಹದಿನಾಲ್ವರಲ್ಲಿ ಆರು ಜನ ಬಟ್ಟಲಿಗೆ ಒಪ್ಪಿದರು.
ಎಂಟು ಜನ ನಕ್ಕರು, ಈಗಲೂ ನಗುತ್ತಾರೆ.
ಕಥೆಯಾಗಿದ್ದರೆ ನೀರು ಉಕ್ಕಿ ಬರಬೇಕಿತ್ತು.
ಮೊದಲ ವರ್ಷ ಏನೂ ಇಲ್ಲ.
ಎರಡನೆಯದೂ ಹಾಗೇ.
ಮೂರನೆಯ ವಸಂತಕ್ಕೆ ತಾಯಿಬಾವಿಗಿಳಿದ ಖೈರುಲ್ಲಾ
ಹಗ್ಗ ಜಗ್ಗಿ ಮೇಲೆ ಬಂದವನು ಮಾತಾಡಲಿಲ್ಲ.
ಬಲಗೈ ಚಾಚಿದ.
ತೋಳಿನ ಬಟ್ಟೆ ತುದಿಯಲ್ಲಿ ಕಪ್ಪಗಿತ್ತು.
ಎಲ್ಲರೂ ಮುಟ್ಟಿ ನೋಡಿದರು, ಒಬ್ಬ ಮೂಸಿದ.
ಬಟ್ಟಲಿನ ತಳ ನೆನೆಯಲೂ ಸಾಲದ ಹಸಿ.

ಪಾಲು ಯಾರದು, ಎಂದರು ಯಾರೋ, ತಮಾಷೆಗೆ.
ಗುಲಂದಾಮ್ ಚೀಲದೊಳಗೆ ಕೈಹಾಕಿ ತಡಕಿದಳು,
ತಡಕಿ, ಆ ಒಡೆದ ಕಲ್ಲನ್ನು
ಬಾವಿಯ ಕಟ್ಟೆಯ ಮೇಲೆ ಇಟ್ಟಳು.