ಮಗುಚುವವಳು

ದುಭಾಷಿ ಅಂದರೆ ನಮಗೆ ಎರಡು ನಾಲಿಗೆ;
ಹಾವಿಗೂ ಅಷ್ಟೇ ಇರುತ್ತವೆಂಬ ಗುಮಾನಿ
ಆ ಪದದ ಮೂಲೆಯಲ್ಲಿ ಸುರುಳಿ ಸುತ್ತಿಕೊಂಡಿದೆ.
ಪೆರುವಿನ ಅಯಾಕುಚೋದಲ್ಲಿ, ಕೆಚುವಾ ಮಾತಾಡುವವರು
ತಿಕ್ರಾಕ್ ಅನ್ನುತ್ತಾರಂತೆ: ಮಗುಚುವವಳು.
ಹೊಲದ ಹೆಂಟೆ ಮಗುಚುವುದಕ್ಕೂ ಅದೇ ಮಾತು,
ತೋಯ್ದ ಅಂಗಿಯ ಒಳಮೈ ಬಿಸಿಲಿಗೆ ತಿರುವುವುದಕ್ಕೂ.

ಎರ್ಮೆಲಿಂಡಾ ಕಿಚ್ಕಾ ಮಗುಚತೊಡಗಿದ್ದು ಏಳನೆಯ ವಯಸ್ಸಿಗೆ.
ಬ್ಯಾಂಕಿನ ಕಿಟಕಿ ಅವಳಿಗಿಂತ ಒಂದು ಗೇಣು ಎತ್ತರ.
ಗುಮಾಸ್ತ ಅವಳಮ್ಮನ ಲಂಗ ನೋಡಿ, ಕಾಲಿನ ಮಣ್ಣು ನೋಡಿ
ಸ್ಪ್ಯಾನಿಷಿನಲ್ಲಿ ಒಂದು ಮಾತು ಉಗುಳಿದ.
ಏನಂದರು? ಅಮ್ಮ ಕೇಳಿದಳು.
ಸೋಮವಾರ ಬರಬೇಕಂತೆ, ಅಂದಳು ಹುಡುಗಿ.
ಸೋಮವಾರ ಅಮ್ಮ ಬಂದೇ ಬಂದಳು,
ಗುಮಾಸ್ತನಿಗೆಂದು ಆರು ಮೊಟ್ಟೆ ಹುಲ್ಲಿನಲ್ಲಿ ಸುತ್ತಿಕೊಂಡು.

ಈಗ ಅವಳಿಗೆ ನಲವತ್ತಾರು. ಕೊರಳಲ್ಲಿ ನ್ಯಾಯಾಲಯದ ಗುರುತುಚೀಟಿ.
ಕೂಡಿಸಬೇಡ, ಕಳೆಯಬೇಡ,
ಸಾಕ್ಷಿ ನಾನು ಅಂದರೆ ನೀನೂ ನಾನು ಅನ್ನು.
ಹಾಗಾಗಿ ಬೆಳಗಿನಿಂದ ಸಂಜೆಯೊಳಗೆ ಅವಳು
ಕುರಿ ಕದ್ದಿದ್ದಾಳೆ, ಗಂಡನನ್ನು ಬಿಟ್ಟಿದ್ದಾಳೆ,
ಒಮ್ಮೆ ಹದಿನೇಳರ ಹುಡುಗನಾಗಿ ಅತ್ತಿದ್ದಾಳೆ.
ಅಲ್ಲ, ಅಳು ಅವನದು.
ಅಳುವನ್ನು ಮಗುಚುವಂತಿಲ್ಲ.

ಆ ಗುರುವಾರ ಕಟಕಟೆಯಲ್ಲಿ ದಿಯೊನಿಸಿಯಾ ಕೊರಾವಾ.
ಕಲ್ಲುಗಣಿಯ ಲಾರಿ, ಅವಳ ತಮ್ಮ.
ಮೊದಲಿಗೆ ರೂಢಿಯ ಪ್ರಶ್ನೆ: ಹುಟ್ಟಿದ್ದೆಲ್ಲಿ?
ವಿಂಚೋಸಿನಲ್ಲಿ ಹುಟ್ಟಿದೆನಂತೆ.
ನಿಮಗೇ ಗೊತ್ತಿಲ್ಲವೆ? ನ್ಯಾಯಾಧೀಶರು ಕನ್ನಡಕ ತೆಗೆದರು.
ಗೊತ್ತಿರುವುದು ಹೇಗೆ ಸ್ವಾಮಿ,
ಆಗಷ್ಟೇ ಹುಟ್ಟಿದವಳಿಗೆ?

ಆ ನುಡಿಯಲ್ಲಿ ಕಣ್ಣಾರೆ ಕಂಡದ್ದಕ್ಕೊಂದು ಬಾಲ,
ಕಿವಿಯಿಂದ ಬಂದದ್ದಕ್ಕೆ ಬೇರೆಯದೇ ಬಾಲ.
ನಮಗಿದನ್ನು ಬಿಡಿಸಿ ಹೇಳಬೇಕಿಲ್ಲ, ನಮ್ಮಲ್ಲಿ ಅಂತೆ ಇದೆ;
ಆದರೆ ನಾವು ಅದಕ್ಕೊಂದು ಕಂತೆ ಕಟ್ಟಿ ಸಂತೆಗೆ ಕಳಿಸಿದವರು.
ದಿಯೊನಿಸಿಯಾ ಅದನ್ನು ತಕ್ಕಡಿಯ ಬಟ್ಟಿನ ಹಾಗೆ
ಒಂದೊಂದೇ ಎತ್ತಿ ಇಡುತ್ತಿದ್ದಳು:

ಲಾರಿಗೆ ದೀಪವಿರಲಿಲ್ಲವಂತೆ.
ಚಾಲಕ ಕುಡಿದಿದ್ದನಂತೆ.
ನಿಲ್ಲಿಸಲೇ ಇಲ್ಲವಂತೆ.
ನಾನು ಓಡಿಹೋದೆ.
ಒಂದು ಚಪ್ಪಲಿ ದಾರಿಯಲ್ಲಿತ್ತು, ಹಳೆಯ ಟಯರು ಕೊಯ್ದು ಮಾಡಿದ್ದು.
ಅವನು ನೀರು ಕೇಳಿದ.

ಸ್ಪ್ಯಾನಿಷಿಗೆ ಬರುವಾಗ ಅದು
ಹೇಳುತ್ತಾರೆ, ಹೇಳುತ್ತಾರೆ, ಹೇಳುತ್ತಾರೆ ಎಂದಾಯಿತು.
ಯಾರು ಹೇಳುತ್ತಾರೆ? ಎದುರು ವಕೀಲ ಎದ್ದ.
ಅಂತೆಕಂತೆ ಸಾಕ್ಷ್ಯವಲ್ಲ.
ಬರೀ ನಡೆದದ್ದು ಹೇಳಿ ದುಭಾಷಿಗಳೇ, ಅಂದರು ನ್ಯಾಯಾಧೀಶರು.

ಬಿಟ್ಟುಬಿಡಬಹುದಿತ್ತು. ಬಾಲ ಕತ್ತರಿಸಿದರೆ
ಆರೂ ವಾಕ್ಯ ಒಂದೇ ಶಾಯಿಯಲ್ಲಿ ಸಾಲಾಗಿ ನಿಲ್ಲುತ್ತಿದ್ದವು,
ಊರ ಬಾಯಿಯ ಹೆಂಡವೂ
ಅವನು ಕೇಳಿದ ನೀರೂ
ಒಂದೇ ಮಟ್ಟದಲ್ಲಿ.

ಎರ್ಮೆಲಿಂಡಾ ಕೈಯೆತ್ತಿದಳು.
ಸ್ವಾಮಿ, ಈಗ ನಾನು ಅಂದರೆ ನಾನೇ.
ಮೊದಲ ಮೂರು ಆಕೆ ಕೇಳಿದ್ದು, ಉಳಿದ ಮೂರು ಕಂಡದ್ದು.
ಆಕೆ ನಡುವೆ ಬೇಲಿ ಹಾಕಿಯೇ ಮಾತಾಡಿದ್ದಾಳೆ.
ಬೇಲಿ ಮುರಿಯುತ್ತಿರುವುದು ನನ್ನ ಬಾಯಲ್ಲಿ.

ಎಲ್ಲೋ ಒಂದು ಫ್ಯಾನು ತಿರುಗುತ್ತಿತ್ತು.
ನ್ಯಾಯಾಧೀಶರು ಗಡಿಯಾರ ನೋಡಿದರು, ಎದ್ದರು. ಊಟ.

ಹೊರಗಿನ ಕಲ್ಲುಬೆಂಚಿನ ಮೇಲೆ
ದಿಯೊನಿಸಿಯಾ ಸೆರಗಿನಂಥ ಬಟ್ಟೆ ಬಿಚ್ಚಿದಳು:
ಹುರಿದ ಜೋಳ, ಒಂದು ತುಂಡು ಗಿಣ್ಣು.
ಇಬ್ಬರೂ ಸ್ವಲ್ಪ ಹೊತ್ತು ಕಾಳು ಕಡಿದರು.
ಒಳಗೆ, ಏನಂದರು?

ಎರ್ಮೆಲಿಂಡಾಳ ಬಾಯಿಗೆ
ಸೋಮವಾರ ಬಂದು ನಿಂತಿತ್ತು.
ಜೋಳದೊಂದಿಗೆ ನುಂಗಿದಳು.
ಇನ್ನೂ ಏನೂ ಅಂದಿಲ್ಲ, ಅಂದಳು.