ಮನೆ ಖಾಲಿ ಇದೆ

ಬೊಳ್ಳಮ್ಮಾ,
ರಶೀದಿ ಪುಸ್ತಕದ ಬೆನ್ನಿಗೆ ನೀ ಬರೆದ ಏಳು ಸಾಲು
ಜೇನಿನ ಡಬ್ಬಿಯ ಜೊತೆಗೇ ಬಂದು ಸೇರಿತು.
ಮುಚ್ಚಳ ಸಡಿಲ. ಹಾಗಾಗಿ
ಮೂರನೆಯ ಸಾಲು ಅಂಟಂಟು,
ಐದನೆಯದನ್ನು ಇರುವೆಯೊಂದು ಓದುತ್ತಿತ್ತು,
ನಿಧಾನವಾಗಿ, ಅಕ್ಷರಕ್ಕೊಮ್ಮೆ ನಿಂತು.

ಕೊನೆಗೆ ಪೆನ್ಸಿಲ್ಲಿನಲ್ಲಿ ಕೇಳಿದ್ದೀ:
'ಸಾರ್, ಇದನ್ನೆಲ್ಲ ಯಾರು ಓದುತ್ತಾರೆ?
ಕನಸು ಬೀಳುವುದು ಕೊಡವ ತಕ್ಕಿನಲ್ಲಿ,
ಕಾಗದಕ್ಕಿಳಿಯುವಾಗ ಕನ್ನಡ.
ನಡುವೆ ಎಲ್ಲೋ ಅರ್ಧ ಸೋರಿಹೋಗುತ್ತದೆ.'

ಉತ್ತರ ನನಗೂ ಗೊತ್ತಿಲ್ಲ.
ಗೊತ್ತಿರುವುದು ಒಬ್ಬ ಚೋಮ, ಒಂದು ಪೆಟ್ಟಿಗೆ.

ಭಾಗಮಂಡಲದ ಶಾಲೆಗೆ ಆಗ ನಾನು ಹೊಸಬ.
ಹೂಮಳೆಗೆ ಇನ್ನೂ ತಿಂಗಳಿತ್ತು.
ಕುಡಿಯರ ಚೋಮ ಹಲಸಿನ ಹಲಗೆಯ ಪೆಟ್ಟಿಗೆಯನ್ನು
ಒಲೆಯ ಹೊಗೆಗೆ ಹಿಡಿದ,
ಒಳಗೋಡೆಗೆಲ್ಲ ಹಳೆ ಮೇಣ ಸವರಿದ,
ಬಾಯಿಯ ಹತ್ತಿರ ತಂದು ಏನೋ ಪಿಸುಗುಟ್ಟಿದ.
'ಯಾವ ಮಂತ್ರವೋ ಅದು?'
'ಮಂತ್ರ ಎಂಥದು ಮೇಷ್ಟ್ರೇ,
ಮನೆ ಖಾಲಿ ಇದೆ ಅಂತ ಹೇಳಿದೆ.'

ನಾನೂ ಒಂದು ಪೆಟ್ಟಿಗೆ ಕೊಂಡೆ.
ಕ್ವಾರ್ಟರ್ಸಿನ ಹಿಂದೆ, ಪೇರಳೆ ಮರದಡಿ.
ಬೆಳಿಗ್ಗೆ ಒಮ್ಮೆ ಮುಚ್ಚಳ ಎತ್ತಿ ನೋಡುವುದು,
ಶಾಲೆ ಬಿಟ್ಟ ಮೇಲೆ ಇನ್ನೊಮ್ಮೆ.
ಹಲ್ಲಿ ಬಂತು. ಜೇಡ ಬಂತು.
ಜಿರಲೆಯ ಸಂಸಾರ ಬಂದು ಮಕ್ಕಳೂ ಆದವು.
ತುಡುವೆ ಬರಲಿಲ್ಲ.
ಜೂನ್ ಹೊತ್ತಿಗೆ ಅದರಲ್ಲಿ ಸೀಮೆಸುಣ್ಣ ತುಂಬಿಟ್ಟೆ.
ಅದೇ ವರ್ಷ ಒಂದು ಕಾದಂಬರಿಯನ್ನೂ ಶುರುಮಾಡಿದ್ದೆ.
ಹನ್ನೆರಡು ಪುಟ.
ಅದರ ಮುಚ್ಚಳವನ್ನೂ ದಿನಾ ಎತ್ತುತ್ತಿದ್ದೆ ಅಂತ
ನಿನಗೆ ಬೇರೆ ಹೇಳಬೇಕೇ.

ಚೋಮನದೂ ಎರಡು ವರ್ಷ ಖಾಲಿಯೇ ಇತ್ತು.
ಕಾಫಿ ಅರಳಿತು, ಉದುರಿತು.
ಅವನು ಬೂಷ್ಟು ಕೆರೆದ, ಮತ್ತೆ ಮೇಣ ಸವರಿದ,
ಕಾಲುಗಳಿಗೆ ನೀರಿನ ಬಟ್ಟಲಿಟ್ಟ,
ತನ್ನ ಕೆಲಸಕ್ಕೆ ಹೋದ.
ಮೂರನೆಯ ವರ್ಷ ಒಂದು ಮಧ್ಯಾಹ್ನ
ಗಣಿತದ ಪಾಠದ ನಡುವೆ ಆಕಾಶ ಗುಂಯ್ ಅಂದಿತು.
ಮಕ್ಕಳೆಲ್ಲ ಕಿಟಕಿಗೆ. ಮೊದಲು ನಾನು.

ಬಂದದ್ದು ನಿಂತಿತೇ ಅನ್ನಬೇಡ.
ಎರಡು ಮಳೆಗಾಲ ಇದ್ದು ಹೊರಟೂ ಹೋಯಿತು.
ಚೋಮ ಮೇಣದುಂಡೆ ಹುಡುಕತೊಡಗಿದ.

ನಂಬಿಕೆ ಅಂದರೆ ದೊಡ್ಡ ಮಾತು ಅಂದುಕೊಂಡಿದ್ದೆ.
ನಿನ್ನಜ್ಜಿ ಮುಸ್ಸಂಜೆ ನೆಲ್ಲಕ್ಕಿಯ ದೀಪಕ್ಕೆ ಎಣ್ಣೆ ಹಾಕುವಾಗ
ಗುರುಕಾರಣ ನೋಡುತ್ತಿದ್ದಾನೋ ಇಲ್ಲವೋ ಎಂದು
ಒಂದು ದಿನವಾದರೂ ಹಿಂತಿರುಗಿದ್ದುಂಟೇ?
ಬತ್ತಿ ನೇರ ಮಾಡಿದಳು, ಕೈ ಒರೆಸಿಕೊಂಡಳು,
ಕಡುಬಿನ ಹಿಟ್ಟು ನೋಡಲು ಒಳಗೆ ಹೋದಳು.

ಕಲ್ಪನೆಗೂ ಬಲು ದೂರ ಅಲೆಯಬೇಕಿಲ್ಲ.
ತಲಕಾವೇರಿಯ ಕುಂಡಿಕೆಯಲ್ಲಿ ಬಗ್ಗಿ ನೋಡಿದರೆ ಕಾಣುವುದೆಷ್ಟು?
ಒಂದು ಹಂಡೆಯಷ್ಟು ನೀರು, ಎರಡು ಹೂ, ನಮ್ಮದೇ ಮೂಗು.
ಅಷ್ಟಕ್ಕೇ ಕೈಮುಗಿದವರು
ತಾವೆಂದೂ ಕಾಣದ ಗದ್ದೆಗಳಿಗೂ,
ಹೆಸರು ಗೊತ್ತಿಲ್ಲದ ಊರಿನ ಬಾಯಾರಿಕೆಗೂ
ಮುಗಿದು ಬರುತ್ತಾರೆ.

ಇನ್ನು ಸೋರಿಹೋದ ಅರ್ಧದ ವಿಚಾರ.
ನಾಲ್ಕನೆಯ ಸಾಲಿನಲ್ಲಿ 'ಕುಂದ್' ಅಂತ ಬರೆದು
ಗೀಟು ಹೊಡೆದು 'ಬೆಟ್ಟ' ಮಾಡಿದ್ದೀ.
ನನ್ನನ್ನು ನೆನೆದು ತಿದ್ದಿದೆಯೇನೋ, ಕೆಂಪು ಶಾಯಿಯ ಮೇಷ್ಟ್ರು!
ತಪ್ಪು ನನ್ನದು. ಗೀಟು ಅಳಿಸು.
ಬೆಟ್ಟ ಎಲ್ಲರ ಊರಲ್ಲೂ ಇದೆ,
ಆ ಕುಂದ್ ಹತ್ತಿ ಇಳಿದವಳು ನೀನು.

ಸೊಸೈಟಿಯ ಬಾಗಿಲು ಐದೂವರೆಗೆ ಹಾಕುತ್ತೀ,
ಚೆಟ್ಟಿಮಾನಿಯ ಬಸ್ಸು ಆರಕ್ಕೆ.
ನಡುವಿನ ಅರ್ಧ ಗಂಟೆ ಯಾರಿಗೂ ಕೊಡಬೇಡ.
ತಕ್ಕಡಿಯ ಪಕ್ಕದ ಸ್ಟೂಲು ಸಾಕು.
ಬರೆದದ್ದನ್ನು ಒಂದು ವಾರ ಎತ್ತಿ ನೋಡಬೇಡ.
ಇರುವೆಗೆ ಮಾತ್ರ ನೀರು ಇಡು,
'ಇದರಿಂದ ಏನು ಸಿಗುತ್ತೆ' ಅನ್ನುವ ಇರುವೆಗೆ.

ಡಬ್ಬಿ ತೊಳೆದು ವಾಪಸು ಕಳಿಸಿದ್ದೇನೆ.
ಬರಿಗೈಯಲ್ಲಿ ಪಾತ್ರೆ ಮರಳಿಸಬಾರದು ಅನ್ನುತ್ತಾರೆ,
ಬೆಲ್ಲವೋ ಅಕ್ಕಿಯೋ ಹಾಕಬೇಕಂತೆ.
ನಾನು ಏನೂ ಹಾಕಿಲ್ಲ.
ಮುಚ್ಚುವ ಮೊದಲು
ಬಾಯಿಯ ಹತ್ತಿರ ತಂದು
ಒಂದು ಮಾತು ಹೇಳಿದ್ದೇನೆ, ಅಷ್ಟೇ.